ಅಯ್ಯಪ್ಪಾ ಅನ್ನುವ ಹೀರೋ

ಬಕಾಸುರನ ಮುಂದೆ ಕೂತು ಭೀಮ ಊಟ ಮಾಡುವ ಪ್ರಸಂಗಕ್ಕೆ ನಗದವರನ್ನು ನಾನು ನಮ್ಮ ಕಡೆ ನೋಡಿಲ್ಲ. ಊರಿನವರು ಅಸುರನಿಗೆಂದು ಕಳಿಸಿದ ಬಂಡಿ ಅನ್ನವನ್ನು ಭೀಮ ತಾನೇ ಉಣ್ಣಲು ಶುರುಮಾಡುತ್ತಾನೆ. ಬಕ ಬಂದು ಬೈಯುತ್ತಾನೆ, ಇವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವನು ಎರಡೂ ಕೈಯಿಂದ ಬೆನ್ನಿಗೆ ಗುದ್ದುತ್ತಾನೆ, ಇವನು ತಿರುಗಿಯೂ ನೋಡದೆ ಮುಂದಿನ ತುತ್ತಿಗೆ ಕೈ ಹಾಕುತ್ತಾನೆ. ಅಸುರ ಹೋಗಿ ಮರ ಕಿತ್ತು ತರುವ ಹೊತ್ತಿಗೆ ಊಟ ಮುಗಿದಿದೆ, ಕೈ ತೊಳೆದಾಗಿದೆ. ಬೀಸಿ ಒಗೆದ ಮರವನ್ನು ಭೀಮ ನಗುತ್ತಲೇ ಎಡಗೈಯಲ್ಲಿ ಹಿಡಿಯುತ್ತಾನೆ. ಎಡಗೈ ಎಂಬ ವಿವರ ಯಾವ ಹಳ್ಳಿಯ ನಟನೂ ಸೇರಿಸಿದ್ದಲ್ಲ, ವ್ಯಾಸಭಾರತದಲ್ಲೇ ಇದೆ. ಅದನ್ನು ಬರೆದವರಿಗೆ ಹೊಡೆದಾಟದಲ್ಲಿ ಎಲ್ಲಿ ನಗು ಹುಟ್ಟುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಚಿಂತಾಮಣಿ ತಾಲ್ಲೂಕಿನ ಕೈವಾರದವರನ್ನು ಕೇಳಿದರೆ ಇದೆಲ್ಲ ನಡೆದದ್ದು ತಮ್ಮೂರಿನಲ್ಲೇ ಎನ್ನುತ್ತಾರೆ. ಸ್ಥಳಪುರಾಣದ ಪ್ರಕಾರ ಅದೇ ಏಕಚಕ್ರಪುರ, ಊರಿನ ಪಕ್ಕದ ಬೆಟ್ಟವೇ ಬಕನ ಬೆಟ್ಟ, ಭೀಮಲಿಂಗೇಶ್ವರನ ಗುಡಿಯಲ್ಲಿರುವುದು ಭೀಮನೇ ಸ್ಥಾಪಿಸಿದ ಲಿಂಗ. ಏಕಚಕ್ರಪುರ ನಮ್ಮದು ಎನ್ನುವ ಊರುಗಳು ದೇಶದಲ್ಲಿ ಇನ್ನೂ ಇವೆ. ಇರಲಿ. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ನಾರೇಯಣ ತಾತಯ್ಯನವರಿಂದ ಹೆಸರಾದ ಊರಿಗೆ ಊಟಕ್ಕೆ ಕೂತು ಯುದ್ಧ ಗೆದ್ದ ಭೀಮನೂ ಒಬ್ಬ ಇದ್ದರೆ ಚೆಂದವೇ.

ಈ ಪ್ರಸಂಗವನ್ನು ಕೇಳಿಕೆಯಲ್ಲಿ ನೋಡಬೇಕು. ಮೂಡಲಪಾಯ ಬಯಲಾಟವನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೇಳಿಕೆ ಎನ್ನುತ್ತಾರೆ. ಊರಿಗೆ ತಕ್ಕಂತೆ ಕನ್ನಡದಲ್ಲೂ ಆಡುತ್ತಾರೆ, ತೆಲುಗಿನಲ್ಲೂ ಆಡುತ್ತಾರೆ. ಶಿಡ್ಲಘಟ್ಟದ ಕಡೆ ನಾನು ನೋಡಿದ ಒಬ್ಬ ಭೀಮ ಹಗಲು ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಮನುಷ್ಯ. ಬಕ ಗುದ್ದಿದ ಕ್ಷಣಕ್ಕೆ ಸರಿಯಾಗಿ ಮದ್ದಳೆಯ ಪೆಟ್ಟು ಬೀಳುತ್ತಿತ್ತು. ಗುದ್ದಿನ ರಭಸಕ್ಕೆ ಭೀಮ ಮುಂದಕ್ಕೆ ಬಾಗುತ್ತಿದ್ದ, ಬಾಗಿದ್ದೇ ತುತ್ತಿಗೆ ಬಾಯಿ ಕೊಡಲು ಎಂಬಂತೆ ಅನ್ನ ಒಳಗೆ ಹೋಗುತ್ತಿತ್ತು. ಒಂದು ಸಲ ತುತ್ತು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಕಣ್ಣು ಮೇಲೆ ಮಾಡಿ, ಬೆನ್ನ ಹಿಂದೆ ಕೈ ತಂದು, ಬಕನಿಗೆ "ಇಲ್ಲಿ, ಇಲ್ಲಿ ಒಂದು ಹಾಕಪ್ಪ" ಎಂದು ಜಾಗ ತೋರಿಸಿದ. ಬಕ ಹಾಕಿದ, ಅನ್ನ ಇಳಿಯಿತು, ಭೀಮ ಕೈಮುಗಿದ. ಚಾಪೆ ಹಾಸಿಕೊಂಡು ಕೂತಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ರಾತ್ರಿಯ ಪ್ರಸಂಗದ ಮಾತು ತೆಲುಗಿನದು. ಪಕ್ಕದಲ್ಲಿದ್ದ, ತೆಲುಗು ಬಾರದ ಬೆಂಗಳೂರಿನ ಹುಡುಗನೂ ಅಷ್ಟೇ ನಕ್ಕ.

ಭಾರತ ಬಲ್ಲವರಿಗೆ ಇನ್ನೊಂದು ಬಗೆಯ ನಗುವೂ ಗೊತ್ತು. ಹೆಂಗಸರ ಮುಂದೆ ಕೌರವರನ್ನೆಲ್ಲ ಸದೆಬಡಿಯುತ್ತೇನೆಂದು ಹೊರಟು, ಸೇನೆ ಕಂಡದ್ದೇ ರಥ ಬಿಟ್ಟು ಓಡುವ ಉತ್ತರಕುಮಾರ, ಅವನ ಹಿಂದೆ ಸೀರೆ ಸೆರಗು ಹಾರಿಸಿಕೊಂಡು ಓಡುವ ಬೃಹನ್ನಳೆ. ಒಲೆಯ ಮುಂದಿನ ಪೌರುಷ ಗಾದೆಯಾಗಿಯೇ ಉಳಿಯಿತು. ಭೀಮನಿಗೆ ಪೆಟ್ಟು ತಾಗುವುದೇ ಇಲ್ಲ ಎಂದು ನಗುತ್ತೇವೆ. ಉತ್ತರನಿಗೆ ಪೆಟ್ಟು ಬೀಳುವ ಮೊದಲೇ ತಾಗಿಬಿಡುತ್ತದೆ ಎಂದು ನಗುತ್ತೇವೆ. ಪೆಟ್ಟು ನಿಜವಾಗಿ ಬಿದ್ದು, ನಿಜವಾಗಿ ನೊಂದು, ಹೆದರಿಕೆಯಿಂದ ಓಡುತ್ತ ಓಡುತ್ತಲೇ ತಿರುಗಿ ಬಾರಿಸುವ ಮೂರನೆಯವನೊಬ್ಬ ಇದ್ದಾನೆ. ಅವನನ್ನು ನಮಗೆ ಸಿನಿಮಾ ತೋರಿಸಿತು. ಅವನು ಬಂದದ್ದೂ ಒಂದು ಬಯಲಾಟದ ಮೇಳದಿಂದಲೇ, ಹಾಂಗ್‌ಕಾಂಗ್‌ನಿಂದ.

ಮೇಳದ ಹುಡುಗರು

ಜಾಕಿ ಚಾನ್ ಹುಟ್ಟಿದ್ದು 1954ರಲ್ಲಿ. ಏಳು ವರ್ಷದವನಿದ್ದಾಗ ಅಪ್ಪ ಅಮ್ಮ ಅವನನ್ನು ಯು ಜಿಮ್-ಯುಯೆನ್ ಎಂಬ ಗುರುವಿನ ಪೀಕಿಂಗ್ ಆಪೆರಾ ಶಾಲೆಗೆ ಬಿಟ್ಟರು. ಹೆಸರಿಗೆ ಆಪೆರಾ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ರಾಜ ರಾಕ್ಷಸರ ಕಥೆ, ಜಾಗಟೆ ತಾಳ, ಹಾಡು, ಲಾಗ, ಕತ್ತಿ ವರಸೆ ಎಲ್ಲ ಇರುವ ಆಟ. ನಮ್ಮವರು ನೋಡಿದರೆ ಅದು ಚೀನಾದ ಬಯಲಾಟ ಎಂದು ಗುರುತು ಹಿಡಿಯಲು ಅರೆಗಳಿಗೆ ಸಾಕು. ಅಲ್ಲಿ ಹತ್ತು ವರ್ಷ ಹುಡುಗರು ತಲೆ ಕೆಳಗಾಗಿ ನಿಂತು, ಬೆತ್ತದ ಏಟು ತಿಂದು ಕಲಿತರು. ಮುಂದೆ ಹೆಸರು ಮಾಡಿದ ಸ್ಯಾಮೊ ಹಂಗ್, ಯುಯೆನ್ ಬಿಯಾವೊ ಅದೇ ಶಾಲೆಯ ಜೊತೆಗಾರರು. ಆಟಕ್ಕೆ ಜನ ಬರುವುದು ಕಡಿಮೆಯಾಗಿ ಹುಡುಗರೆಲ್ಲ ಸ್ಟುಡಿಯೋಗಳಲ್ಲಿ ದಿನಗೂಲಿಯ ಫೈಟರ್‌ಗಳಾದರು. ಮೇಳ ಮುಳುಗಿ ಸಿನಿಮಾಕ್ಕೆ ಲಾಭವಾದ ಕಥೆ ನಮ್ಮ ವೃತ್ತಿರಂಗಭೂಮಿಯವರಿಗೂ ಹೊಸದಲ್ಲ.

ಬ್ರೂಸ್ ಲೀಯ 'ಎಂಟರ್ ದ ಡ್ರ್ಯಾಗನ್' ಬಂದದ್ದು 1973ರಲ್ಲಿ. ಅದರಲ್ಲಿ ಬ್ರೂಸ್ ಲೀ ಕತ್ತು ಮುರಿದು ಎಸೆಯುವ ಲೆಕ್ಕವಿಲ್ಲದ ಹುಡುಗರಲ್ಲಿ ಜಾಕಿಯೂ ಒಬ್ಬ. ಅದೇ ವರ್ಷ ಜುಲೈನಲ್ಲಿ ಬ್ರೂಸ್ ಲೀ ತೀರಿಕೊಂಡ ಮೇಲೆ ಹಾಂಗ್‌ಕಾಂಗ್‌ನ ನಿರ್ಮಾಪಕರು ಇನ್ನೊಬ್ಬ ಬ್ರೂಸ್ ಲೀಯನ್ನು ಹುಡುಕಲು ಹೊರಟರು. ಜಾಕಿಯನ್ನೂ ಹುಬ್ಬು ಗಂಟಿಕ್ಕಿಸಿ ನಿಲ್ಲಿಸಿದರು. ಚಿತ್ರಗಳು ಓಡಲಿಲ್ಲ. ಓಡುವುದಾದರೂ ಹೇಗೆ? ಆ ದಪ್ಪ ಮೂಗಿನ ಹುಡುಗನ ಮುಖದಲ್ಲಿ ರೋಷ ಬಂದರೆ ಹೊಟ್ಟೆನೋವು ಬಂದ ಹಾಗೆ ಕಾಣುತ್ತಿತ್ತು.

1978ರಲ್ಲಿ ಯುಯೆನ್ ವೂ-ಪಿಂಗ್ ಎಂಬ ಸಾಹಸ ನಿರ್ದೇಶಕ ಮೊದಲ ಬಾರಿಗೆ ನಿರ್ದೇಶನಕ್ಕೆ ಇಳಿದ. ಅವನ 'ಸ್ನೇಕ್ ಇನ್ ದ ಈಗಲ್ಸ್ ಶಾಡೋ', 'ಡ್ರಂಕನ್ ಮಾಸ್ಟರ್' ಎರಡೂ ಆ ವರ್ಷವೇ ಬಂದವು, ಆಟ ಅಲ್ಲಿಗೆ ಬದಲಾಯಿತು. ಎರಡನೆಯದರ ನಾಯಕ ವಾಂಗ್ ಫೇ-ಹಂಗ್ ನಿಜವಾಗಿ ಬದುಕಿದ್ದ ಕುಂಗ್‌ಫು ಗುರು, ವೈದ್ಯ. 1949ರಿಂದ ಅವನ ಮೇಲೆ ಹತ್ತಾರು ಸಿನಿಮಾ ಬಂದು, ಕ್ವಾನ್ ತಕ್-ಹಿಂಗ್ ಎಂಬ ನಟ ಆ ಪಾತ್ರವನ್ನು ಗಾಂಭೀರ್ಯದ ಮೂರ್ತಿಯನ್ನಾಗಿ ಮಾಡಿಟ್ಟಿದ್ದ. ಯುಯೆನ್ ಆ ಪೂಜ್ಯರನ್ನು ಊಟ ಮಾಡಿ ದುಡ್ಡು ಕೊಡದೆ ಓಡುವ ಪುಂಡ ಹುಡುಗನಾಗಿ ತೋರಿಸಿದ. ಅವನಿಗೆ ಪಾಠ ಹೇಳಲು ಬರುವವನು ಕೆಂಪು ಮೂಗಿನ ಮುದುಕ ಕುಡುಕ. ಆ ಪಾತ್ರ ಮಾಡಿದ್ದು ನಿರ್ದೇಶಕನ ಅಪ್ಪನೇ, ಅವರೂ ಆಪೆರಾ ಮೇಳದವರೇ. ನಮ್ಮಲ್ಲಿ ಹೀಗೆ ಮಾಡಿದ್ದರೆ ಯಾವುದಾದರೂ ಒಂದು ಸಂಘದವರು ಧರಣಿ ಕೂರುತ್ತಿದ್ದರು.

ಚಿತ್ರದ ಜೀವ ಇರುವುದು ಅಭ್ಯಾಸದ ದೃಶ್ಯಗಳಲ್ಲಿ. ಹುಡುಗನನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದಾರೆ. ಕೆಳಗೊಂದು ನೀರಿನ ಪಾತ್ರೆ, ಮೇಲೊಂದು ಖಾಲಿ ಪಾತ್ರೆ. ಪುಟ್ಟ ಬಟ್ಟಲಲ್ಲಿ ನೀರು ಮೊಗೆದು, ಹೊಟ್ಟೆಯನ್ನು ಮಡಚಿ ಮೇಲೆದ್ದು, ಮೇಲಿನ ಪಾತ್ರೆಗೆ ತುಂಬಬೇಕು. ಬಟ್ಟಲು ಬೊಗಸೆಯಷ್ಟೂ ಇಲ್ಲ. ಮೋಸವಿಲ್ಲದೆ ಒಂದೇ ಚೌಕಟ್ಟಿನಲ್ಲಿ ಆ ಮೈ ಮೇಲೆ ಕೆಳಗೆ ಆಡುವುದು ಕಾಣುತ್ತದೆ, ನೋಡುವವರ ಹೊಟ್ಟೆಯ ಸ್ನಾಯುವೇ ಹಿಡಿದುಕೊಳ್ಳುತ್ತದೆ. ನಗುತ್ತೇವೆ, ಆದರೆ ಅದು ಗೇಲಿಯ ನಗುವಲ್ಲ. ಮೈ ಬಗ್ಗಿಸಿ ದುಡಿದವರಿಗೆ ಅದರ ರುಚಿ ಬೇಗ ಹತ್ತುತ್ತದೆ. ಶಿಡ್ಲಘಟ್ಟದಲ್ಲಿ ದಿನವಿಡೀ ಬಿಸಿನೀರಿನ ಬೇಸಿನ್ನಿನಲ್ಲಿ ಬೆರಳಾಡಿಸಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕೆಲಸದವರು ಇಂಥ ದೃಶ್ಯಕ್ಕೆ ಹೊಡೆಯುವ ಸೀಟಿಗೂ, ಹೀರೋ ಕಾರಿನಿಂದ ಇಳಿದಾಗ ಹೊಡೆಯುವ ಸೀಟಿಗೂ ವ್ಯತ್ಯಾಸ ಇದೆ.

ಮೇಳದ ತಾಲೀಮು ತೆರೆಯ ಮೇಲೆ ಕಾಣುವ ಇನ್ನೊಂದು ಜಾಗ ತಾಳ. ಹಾಂಗ್‌ಕಾಂಗ್ ಸಿನಿಮಾದ ಮೇಲೆ 2000ದಲ್ಲಿ ಪುಸ್ತಕ ಬರೆದ ಅಮೆರಿಕದ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಅಲ್ಲಿಯ ಹೊಡೆದಾಟಗಳ ನಡೆಯನ್ನು ಗುರುತಿಸಿದ್ದಾರೆ: ಒಂದು ಕ್ಷಣ ಸ್ತಬ್ಧ, ಆಮೇಲೆ ಸಿಡಿತ, ಮತ್ತೆ ಸ್ತಬ್ಧ. ಇಬ್ಬರೂ ಕೈಕಾಲು ಹೆಣೆದುಕೊಂಡು ನಿಂತಿರುತ್ತಾರೆ, ಒಬ್ಬರನ್ನೊಬ್ಬರು ನೋಡುತ್ತಾರೆ, ಪ್ರೇಕ್ಷಕರಿಗೆ ಯಾರ ಕೈ ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ, ತಕ್ಷಣ ನಾಲ್ಕು ಏಟು ಹಾರುತ್ತವೆ. ಆ ನಿಲುಗಡೆಯೇ ಹಾಸ್ಯಕ್ಕೆ ಜಾಗ ಮಾಡಿಕೊಡುವುದು. ಏಟು ಬಿದ್ದದ್ದು ಮೈಗೆ ಗೊತ್ತಾಗಲು ಒಂದು ಮಾತ್ರೆ, ಮುಖಕ್ಕೆ ಗೊತ್ತಾಗಲು ಇನ್ನೊಂದು ಮಾತ್ರೆ. ಈ ಎರಡರ ನಡುವೆ ಜಾಕಿ ಏನೂ ಆಗಿಲ್ಲವೆಂಬಂತೆ ನಿಂತು, ಎದುರಾಳಿ ಆಚೆ ತಿರುಗಿದ ಮೇಲೆ ಕೈ ಕೊಡವಿಕೊಂಡು ಊದಿಕೊಳ್ಳುತ್ತಾನೆ. ಕಂಪ್ಯೂಟರಿನಲ್ಲಿ ಸೆಕೆಂಡಿಗೆ ಮೂರು ಸಲ ಕತ್ತರಿಸಿ ಅಂಟಿಸುವ ಈಗಿನ ಫೈಟುಗಳಲ್ಲಿ ಇದಕ್ಕೆ ಪುರಸೊತ್ತೇ ಇಲ್ಲ. ಮದ್ದಳೆಯವನನ್ನು ಕೆಲಸದಿಂದ ತೆಗೆದರೆ ಭೀಮ ಎಷ್ಟು ತಿಂದರೂ ಯಾರೂ ನಗುವುದಿಲ್ಲ.

ಮಾತು ಬೇಡ

ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಇವೆರಡಕ್ಕೂ ಉರ್ದು ಬೆರೆತ ಮಾತು. ಗೌರಿಬಿದನೂರಿನವರಿಗೆ ಗಡಿಯಾಚೆ ಆಂಧ್ರದ ಹಿಂದೂಪುರ ಹತ್ತಿರ, ಸಿನಿಮಾಕ್ಕೂ ಮದುವೆ ಜವಳಿಗೂ ಅಲ್ಲಿಗೆ ಹೋಗಿಬರುವುದು ಮಾಮೂಲು. ಇಂಥ ಕಡೆ ಕುಂಗ್‌ಫು ಕಾಮಿಡಿ ಯಾವ ಭಾಷೆಯಲ್ಲಿ ಬಂದರೇನು? ಕನ್ನಡದಲ್ಲಂತೂ ಅದು ಬರುವ ಹಾಗೆಯೇ ಇರಲಿಲ್ಲ. 1960ರ ದಶಕದ ಚಳವಳಿಯಿಂದ ಶುರುವಾಗಿ ಅರ್ಧ ಶತಮಾನ ಕನ್ನಡಕ್ಕೆ ಡಬ್ಬಿಂಗ್ ನಿಂತೇ ಹೋಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಎಂದು ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ನಮ್ಮ ಹುಡುಗರು ಜಾಕಿಯನ್ನು ಕಂಡದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಇಲ್ಲವೇ ಟೀವಿಯ ತೆಲುಗಿನಲ್ಲಿ. ಚೀನೀ ಮಾತಿಗೆ ಇಂಗ್ಲಿಷ್, ಅದರ ಮೇಲೆ ತೆಲುಗು, ಬಾಯಿ ಆಡುವುದೊಂದು ಕಡೆ ಮಾತು ಬರುವುದೊಂದು ಕಡೆ. ಡಬ್ಬಿಂಗಿನ ಪರ ವಿರೋಧ ಏನೇ ಇರಲಿ, ಈ ಒಂದು ಜಾತಿಯ ಸಿನಿಮಾ ಮಟ್ಟಿಗೆ ಅದರ ಅಗತ್ಯ ಯಾರಿಗೂ ಬೀಳಲಿಲ್ಲ.

ಜಾತ್ರೆಯ ಟೆಂಟುಗಳಲ್ಲಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ನೋಡುವ ಮನೆಗಳಲ್ಲಿ ಒಬ್ಬನಾದರೂ ಕಥೆ ಹೇಳುವವನು ಇರುತ್ತಿದ್ದ. ಅವನಿಗೂ ಭಾಷೆ ಬರುತ್ತಿರಲಿಲ್ಲ. "ಅವ್ನು ಇವ್ನ ಗುರುನ ಸಾಯಿಸಿದಾನೆ, ಅದ್ಕೆ ಇವ್ನು ಬಂದಿರೋದು" ಎಂದು ಧೈರ್ಯವಾಗಿ ಹೇಳಿಬಿಡುತ್ತಿದ್ದ, ಹೆಚ್ಚು ಸಲ ಸರಿಯಾಗಿಯೇ ಇರುತ್ತಿತ್ತು. ಆಫ್ರಿಕಾದ ಉಗಾಂಡದಲ್ಲಿ ಇವನಿಗೆ ಕೆಲಸವನ್ನೇ ಕೊಟ್ಟಿದ್ದಾರೆ. ಅಲ್ಲಿ ವಿಡಿಯೋ ಹಾಲ್‌ಗಳಲ್ಲಿ ಪರದೇಶದ ಸಿನಿಮಾಕ್ಕೆ ಸ್ಥಳೀಯ ಮಾತಿನಲ್ಲಿ ಜೋಕು ಹೊಡೆಯುತ್ತ ಕಥೆ ಹೇಳುವವರಿಗೆ ವಿಡಿಯೋ ಜೋಕರ್ ಎಂದೇ ಹೆಸರು. ರಾಜಧಾನಿ ಕಂಪಾಲದ ವಕಾಲಿಗ ಎಂಬ ಬಡ ಬಡಾವಣೆಯಲ್ಲಿ ನಬ್ವಾನ ಎಂಬಾತ ಅತಿ ಕಡಿಮೆ ದುಡ್ಡಿನಲ್ಲಿ ಮಾಡಿದ 'ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?' ಎಂಬ 2010ರ ಚಿತ್ರದಲ್ಲಿ ಈ ಜೋಕರನ ಧ್ವನಿ ಸಿನಿಮಾದ ಒಳಗೇ ಇದೆ. ಕುಂಗ್‌ಫು ಮಾಡುವವರೂ ಇದ್ದಾರೆ, ಮನೆಯಲ್ಲೇ ಮಾಡಿದ ಬಂದೂಕುಗಳೂ ಇವೆ. ಜಗತ್ತಿನ ಎಲ್ಲೆಡೆ ಅದಕ್ಕೆ ಅಭಿಮಾನಿಗಳಿದ್ದಾರೆ.

ಮಾತಿಲ್ಲದೆ ನಗಿಸುವ ವಿದ್ಯೆಯನ್ನು ಜಾಕಿ ಕಲಿತದ್ದು ಮೂಕಿ ಚಿತ್ರಗಳಿಂದ. ಹೆರಾಲ್ಡ್ ಲಾಯ್ಡ್ 1923ರ 'ಸೇಫ್ಟಿ ಲಾಸ್ಟ್'ನಲ್ಲಿ ಎತ್ತರದ ಕಟ್ಟಡದ ಗಡಿಯಾರದ ಮುಳ್ಳು ಹಿಡಿದು ನೇತಾಡಿದ್ದ, ಬೀಳಲಿಲ್ಲ. 1983ರ 'ಪ್ರಾಜೆಕ್ಟ್ ಎ'ಯಲ್ಲಿ ಜಾಕಿಯೂ ಗಡಿಯಾರದ ಮುಳ್ಳಿಗೆ ನೇತಾಡುತ್ತಾನೆ. ಕೈ ಜಾರುತ್ತದೆ, ಬೀಳುತ್ತಾನೆ. ಬಟ್ಟೆಯ ಎರಡು ಚಪ್ಪರಗಳನ್ನು ಹರಿದುಕೊಂಡು, ಕತ್ತು ಮುರಿಯಬಹುದಾದ ಕೋನದಲ್ಲಿ ನೆಲಕ್ಕೆ. ಕ್ಯಾಮೆರಾ ಎಲ್ಲೂ ಕಣ್ಣು ಮುಚ್ಚುವುದಿಲ್ಲ. ಇಷ್ಟು ಸಾಲದೆಂದು ಅದೇ ಬೀಳುವಿಕೆಯನ್ನು ಇನ್ನೊಂದು ಟೇಕಿನಿಂದ ಮತ್ತೊಮ್ಮೆ ತೋರಿಸುತ್ತಾರೆ. ಕಥೆಗೆ ಅದು ಬೇಕಿಲ್ಲ, ತರ್ಕಕ್ಕೂ ಸಲ್ಲುವುದಿಲ್ಲ. ನೋಡಿ, ಬಿದ್ದದ್ದು ನಾನೇ ಎಂದು ಹೇಳಲಿಕ್ಕೆ ಅಷ್ಟೇ. ಹಾಂಗ್‌ಕಾಂಗ್‌ನ ಜನ ಒಪ್ಪಿದರು, ನಾವೂ ಒಪ್ಪಿದೆವು.

ಸಾಮಾನುಗಳ ವಿಷಯಕ್ಕೆ ಬಂದರೆ, ಅವನ ಕೈಗೆ ಕತ್ತಿ ಬಂದೂಕು ಕೊಟ್ಟರೆ ಅಂಥ ಸ್ವಾರಸ್ಯ ಇಲ್ಲ. ಕುರ್ಚಿ, ಬೆಂಚು, ಕೋಟು, ಸೈಕಲ್ಲು ಕೊಡಬೇಕು. 1996ರ 'ಫಸ್ಟ್ ಸ್ಟ್ರೈಕ್'ನಲ್ಲಿ ಒಂದು ಮಡಚುವ ಅಲ್ಯೂಮಿನಿಯಂ ಏಣಿ. ಅದರ ಮೆಟ್ಟಿಲುಗಳ ನಡುವೆ ತೂರಿ ಆಚೆ ಬರುತ್ತಾನೆ, ಕತ್ತಿಗೆ ಹಾಕಿಕೊಂಡು ತಿರುಗಿಸುತ್ತಾನೆ, ಬಾಗಿಲಿನ ಹಾಗೆ ಮುಚ್ಚಿ ಎದುರಾಳಿಯ ಕೈ ಸಿಕ್ಕಿಸುತ್ತಾನೆ, ಮಧ್ಯೆ ಒಮ್ಮೆ ಅದೇ ಏಣಿಯಿಂದ ತಾನೇ ಪೆಟ್ಟು ತಿನ್ನುತ್ತಾನೆ. ಒನಕೆಯಿಂದ ಕೋಟೆ ಕಾಯ್ದ ಓಬವ್ವನ ಕಥೆ ಕೇಳಿ ಬೆಳೆದವರಿಗೆ ಮನೆಯ ಸಾಮಾನು ಆಯುಧವಾಗುವುದು ಅಚ್ಚರಿಯಲ್ಲ. ಅದರಲ್ಲಿ ನಗುವೂ ಇದೆ ಎಂಬುದು ಹೊಸದು.

ಜಾಕಿ ನಮ್ಮ ರಾಜ್ಯಕ್ಕೂ ಬಂದು ಹೋದ. 2005ರಲ್ಲಿ ತೆರೆಕಂಡ 'ದಿ ಮಿಥ್' ಚಿತ್ರದ ಒಂದಷ್ಟು ಭಾಗವನ್ನು ಹಂಪಿಯಲ್ಲಿ ತೆಗೆದರು, ಜೊತೆಗೆ ಮಲ್ಲಿಕಾ ಶೆರಾವತ್. ಕಥೆ ಮರೆತುಹೋಗುವಂಥದ್ದು. ಮರೆಯದೆ ಉಳಿಯುವುದು ಇಲಿ ಹಿಡಿಯುವ ಅಂಟು ತಯಾರಿಸುವ ಕಾರ್ಖಾನೆಯ ಹೊಡೆದಾಟ. ಓಡುವ ಬೆಲ್ಟಿನ ಮೇಲೆಲ್ಲ ಅಂಟು. ಕಾಲಿಟ್ಟರೆ ಬೂಟು ಅಂಟುತ್ತದೆ, ಬೂಟು ಬಿಟ್ಟರೆ ಬಟ್ಟೆ ಅಂಟುತ್ತದೆ, ಹೊಡೆಯಲು ಬಂದವನು ಹೊಡೆಸಿಕೊಂಡವನಿಗೇ ಅಂಟುತ್ತಾನೆ. ಐವತ್ತು ದಾಟಿದ ಮನುಷ್ಯ ಮೊದಲಿನಷ್ಟು ಎತ್ತರದಿಂದ ಬೀಳುವ ಹಾಗಿಲ್ಲವೆಂದು ತಿಳಿದು, ಬೀಳಲೂ ಆಗದ ಜಾಗ ಹುಡುಕಿಕೊಂಡಿದ್ದ.

ತೊಡೆ ತಟ್ಟಿದರೆ ರೈಲು

ನಗು ತರಿಸುವ ಹೊಡೆದಾಟ ಎಂದರೆ ಗೌರಿಬಿದನೂರಿನವರು ಮೊದಲು ನೆನೆಯುವುದು ಬೇರೆಯೇ ಒಂದನ್ನು. ಹಿಂದೂಪುರದ ಶಾಸಕ, ನಟ ನಂದಮೂರಿ ಬಾಲಕೃಷ್ಣ 2003ರ 'ಪಲ್ನಾಟಿ ಬ್ರಹ್ಮನಾಯುಡು' ಚಿತ್ರದಲ್ಲಿ ತೊಡೆ ತಟ್ಟಿದರೆ ರೈಲು ಹಿಂದಕ್ಕೆ ಹೋಗುತ್ತದೆ. ಥಿಯೇಟರಿನಲ್ಲಿ ಅದು ರೋಮಾಂಚನಕ್ಕೆಂದು ಮಾಡಿದ ದೃಶ್ಯ, ಆಮೇಲೆ ಮೊಬೈಲುಗಳಲ್ಲಿ ನಗುವಿಗೆಂದು ಓಡಾಡಿತು. ಬಾಲಯ್ಯನ ಅಭಿಮಾನಿಗಳೇ ಅದನ್ನು ಕಳಿಸಿ ನಗುತ್ತಾರೆ, ನಕ್ಕ ಮಾತ್ರಕ್ಕೆ ಅಭಿಮಾನ ಒಂದು ಗುಲಗಂಜಿ ಕಡಿಮೆಯಾಗುವುದಿಲ್ಲ. ನಮ್ಮ ಗಡಿಯ ಪ್ರೇಕ್ಷಕ ಎರಡನ್ನೂ ಒಟ್ಟಿಗೆ ಮಾಡಬಲ್ಲ.

ದೇಶ ದೊಡ್ಡದಾಗಿ ಮಾತಾಡಿದ 'ಆರ್‌ಆರ್‌ಆರ್' ಬಿಡುಗಡೆಗೆ ಮುಂಚೆ, 2022ರ ಮಾರ್ಚ್ 19ರಂದು, ಅದರ ಅದ್ದೂರಿ ಸಮಾರಂಭ ನಡೆದದ್ದು ಬೆಂಗಳೂರಿನಲ್ಲಲ್ಲ, ಚಿಕ್ಕಬಳ್ಳಾಪುರದಲ್ಲಿ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದಿದ್ದರು, ಶಿವರಾಜ್‌ಕುಮಾರ್ ಬಂದಿದ್ದರು, ಎರಡೂ ರಾಜ್ಯದ ಜನ ಸೇರಿದ್ದರು. ಆ ಚಿತ್ರದ ಹೊಡೆದಾಟಗಳ ಕಲ್ಪನೆಗೆ ನಾನೂ ಬೆರಗಾದವನೇ. ಆದರೆ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕೂತು ಸೈನ್ಯವನ್ನೇ ಸಂಹರಿಸುವಾಗ ಕೆಳಗಿರುವವನಿಗೆ ಸೊಂಟ ಹಿಡಿಯುವುದಿಲ್ಲ. ಜಾಕಿಯ ಚಿತ್ರವಾಗಿದ್ದರೆ ಆ ದೃಶ್ಯದ ಅರ್ಧ ಭಾಗ ಆ ಸೊಂಟದ ಮೇಲೆಯೇ ನಡೆಯುತ್ತಿತ್ತು.

ನಮ್ಮ ಹೊಲಗಳ ಬದುವಿನಲ್ಲಿ ಗಂಗ ನೊಳಂಬರ ಕಾಲದ ವೀರಗಲ್ಲುಗಳು ನಿಂತಿವೆ. ತುರು ಬಿಡಿಸಲು ಹೋಗಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ, ಅವನ ಮುಖದಲ್ಲಿ ನೋವಿನ ಗೆರೆ ಇರುವುದಿಲ್ಲ. ಅಯ್ಯೋ ಎಂದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ನಮ್ಮ ಮಾಸ್ ಸಿನಿಮಾದ ನಾಯಕ ಈ ಕಲ್ಲಿನಿಂದ ಎದ್ದು ಬಂದವನು. ಅವನು ಕೇಳಿಕೆಯಿಂದಲೂ ಸ್ವಲ್ಪ ಕಲಿತಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ತಕರಾರು.

ಕಲಿತವರು ಇರಲಿಲ್ಲವೆಂದಲ್ಲ. 1968ರಲ್ಲಿ 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999' ಬಂದು ರಾಜ್‌ಕುಮಾರ್ ಕನ್ನಡದ ಬಾಂಡ್ ಆದರು. ನಾಲ್ಕೇ ವರ್ಷಕ್ಕೆ ದ್ವಾರಕೀಶ್ 'ಕುಳ್ಳ ಏಜೆಂಟ್ 000' ಮಾಡಿದರು. ಮೂರು ಸೊನ್ನೆಯಲ್ಲೇ ಅರ್ಧ ಹಾಸ್ಯ. ಎತ್ತರದವರ ನಡುವೆ ನುಸುಳಿ ಗೆಲ್ಲುವ ಗಿಡ್ಡ ಮನುಷ್ಯನನ್ನು ಅವರು ನಾಯಕನನ್ನಾಗಿ ನಿಲ್ಲಿಸಿದ್ದು 1972ರಲ್ಲಿ, ಅಂದರೆ ಜಾಕಿ ಇನ್ನೂ ಬ್ರೂಸ್ ಲೀ ಕೈಲಿ ಏಟು ತಿನ್ನುತ್ತಿದ್ದ ಕಾಲಕ್ಕೆ. 1978ರಲ್ಲಿ ವಿಷ್ಣುವರ್ಧನ್ ಜೊತೆ ಅದೇ ಕುಳ್ಳ ಸಿಂಗಾಪುರಕ್ಕೂ ಹೋಗಿಬಂದರು, ಪರದೇಶದಲ್ಲಿ ಚಿತ್ರೀಕರಿಸಿದ ಮೊದಲ ಕನ್ನಡ ಚಿತ್ರ ಅದು. ಆದರೆ ದ್ವಾರಕೀಶರ ದಾರಿಯಲ್ಲಿ ಮುಂದೆ ಜನ ನಡೆಯಲಿಲ್ಲ. ಏಟು ತಿನ್ನುವ ಕೆಲಸ ಹಾಸ್ಯನಟನಿಗೆ, ಕೊಡುವ ಕೆಲಸ ನಾಯಕನಿಗೆ ಎಂದು ಪಾಲಾಯಿತು. ಎರಡೂ ಒಂದೇ ಮೈಯಲ್ಲಿ ಇದ್ದಾಗ ಹುಟ್ಟುವ ಮಜಾ ಪಾಲಿನಲ್ಲಿ ಕಳೆದುಹೋಯಿತು.

ಶಂಕರ್‌ನಾಗ್ ಅವರಿಗೆ ಕರಾಟೆ ಕಿಂಗ್ ಎಂಬ ಬಿರುದು ಅಂಟಿಕೊಂಡಿತ್ತು. ಅವರ ಮುಖದಲ್ಲಿ ತುಂಟತನ ಯಾವಾಗಲೂ ಇರುತ್ತಿತ್ತು, 'ಎಸ್.ಪಿ. ಸಾಂಗ್ಲಿಯಾನ'ದಲ್ಲಿ ಹಾಕುವ ಮಾರುವೇಷಗಳಲ್ಲಿ ಅದು ಚೆನ್ನಾಗಿ ಆಡುತ್ತದೆ. ಮೂವತ್ತಾರು ತುಂಬುವ ಮೊದಲೇ, 1990ರಲ್ಲಿ ಹೋಗಿಬಿಟ್ಟರು. ಪುನೀತ್ ರಾಜ್‌ಕುಮಾರ್ 2002ರ 'ಅಪ್ಪು'ವಿನಿಂದ ತೋರಿಸಿದ್ದು ಲಾಗ ಹಾಕಬಲ್ಲ, ಕುಣಿಯಬಲ್ಲ ಮೈ. ಹೊಡೆದಾಟವೂ ನೃತ್ಯವೂ ಒಂದೇ ತಾಲೀಮಿನ ಎರಡು ಮುಖ ಎಂದು ಕನ್ನಡದಲ್ಲಿ ಅವರಷ್ಟು ಹಗುರವಾಗಿ ತೋರಿಸಿದವರು ಕಡಿಮೆ. ಸೂರಿ 2010ರಲ್ಲಿ ಅವರನ್ನು ಜಾನಕಿರಾಮನಾಗಿಸಿ ಸಿನಿಮಾಕ್ಕೆ 'ಜಾಕಿ' ಎಂದೇ ಹೆಸರಿಟ್ಟರು. ಪೂರ್ತಿ ಹೊಡೆದಾಟದ ಹಾಸ್ಯ ಚಿತ್ರವೊಂದು ಅವರಿಂದ ಬರಬಹುದಿತ್ತು ಎಂದು ಆಸೆಪಟ್ಟವರಲ್ಲಿ ನಾನೂ ಒಬ್ಬ.

ಆ ಜಾಗಕ್ಕೆ ತೀರಾ ಹತ್ತಿರ ಬಂದದ್ದು 2019ರ ಕೊನೆಯಲ್ಲಿ ಬಂದ 'ಅವನೇ ಶ್ರೀಮನ್ನಾರಾಯಣ'. ಸಚಿನ್ ರವಿ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ. ಎಲ್ಲಿಯೂ ಇಲ್ಲದ ಅಮರಾವತಿ ಎಂಬ ಊರು, ಡಕಾಯಿತರು, ನಾಟಕ ಮಂಡಳಿಯವರು ಲೂಟಿ ಮಾಡಿದ ನಿಧಿ, ಅದರ ಹಿಂದೆ ಬಿದ್ದ ಒಬ್ಬ ಹುಡುಗಾಟದ ಇನ್‌ಸ್ಪೆಕ್ಟರ್. ಉದ್ದ ಜಾಸ್ತಿಯಾಯಿತು, ಅದನ್ನು ಅಂದೇ ಎಲ್ಲರೂ ಹೇಳಿದರು. ಆದರೆ ಅದರ ಹೊಡೆದಾಟಗಳಿಗೆ ಒಂದು ಚೇಷ್ಟೆಯ ಸ್ವಭಾವ ಇದೆ. ವಿಕ್ರಂ ಮೋರ್ ಅವರಿಗೆ ಆ ಚಿತ್ರ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. ಅದರ ಹಿಂದಿನ ವರ್ಷದ ಪ್ರಶಸ್ತಿಯೂ ಕನ್ನಡಕ್ಕೇ, 'ಕೆಜಿಎಫ್'ಗೆ, ಅಲ್ಲೂ ವಿಕ್ರಂ ಮೋರ್ ಇದ್ದರು. ಉರಿಮುಖದ ಹೊಡೆದಾಟವನ್ನೂ ನಗುಮುಖದ ಹೊಡೆದಾಟವನ್ನೂ ಒಬ್ಬರೇ ಮಾಡಬಲ್ಲರು ಎಂದಾಯಿತು. ಕೊರತೆ ಇರುವುದು ಫೈಟ್ ಮಾಸ್ಟರುಗಳಲ್ಲಲ್ಲ, ನೆಲಕ್ಕೆ ಬೀಳಲು ಒಪ್ಪುವ ನಾಯಕರಲ್ಲಿ.

ನೋವಿನ ಬೆಲೆ

ಇಷ್ಟೆಲ್ಲ ನಗುವವರು ಒಂದು ಲೆಕ್ಕವನ್ನೂ ನೋಡಬೇಕು. 'ಆರ್ಮರ್ ಆಫ್ ಗಾಡ್' ಚಿತ್ರೀಕರಣಕ್ಕೆ ಅಂದಿನ ಯುಗೋಸ್ಲಾವಿಯಾಕ್ಕೆ ಹೋಗಿದ್ದಾಗ ಜಾಕಿ ಗೋಡೆಯಿಂದ ಮರಕ್ಕೆ ಹಾರಿ, ಕೊಂಬೆ ಮುರಿದು, ತಲೆ ಬಂಡೆಗೆ ಬಡಿದು ಬುರುಡೆ ಒಡೆದುಕೊಂಡ. ಶಸ್ತ್ರಚಿಕಿತ್ಸೆಯಾಗಿ ಬದುಕಿದ. ಅವನ ಚಿತ್ರಗಳ ಕೊನೆಯಲ್ಲಿ ಹೆಸರುಗಳ ಪಕ್ಕ ತಪ್ಪಿದ ಟೇಕುಗಳನ್ನು ತೋರಿಸುವ ಪದ್ಧತಿ ಇದೆ. ಅಮೆರಿಕದ 'ಕ್ಯಾನನ್‌ಬಾಲ್ ರನ್'ನಲ್ಲಿ ಸಣ್ಣ ಪಾತ್ರ ಮಾಡಿದಾಗ ನೋಡಿ ತಂದದ್ದು. ಅಮೆರಿಕದವರು ಮಾತು ತಡವರಿಸಿದ್ದನ್ನು ತೋರಿಸುತ್ತಿದ್ದರು, ಇವನು ಆಂಬುಲೆನ್ಸ್ ತೋರಿಸಿದ. ಚಿತ್ರಮಂದಿರದ ಲೈಟು ಹತ್ತಿದರೂ ಜನ ಏಳದೆ ಕೂತು ನೋಡುತ್ತಿದ್ದದ್ದು ಅದನ್ನೇ. ನಕ್ಕದ್ದು ಯಾವುದಕ್ಕೆ ಎಂದು ಬಿಲ್ಲು ಕೊಟ್ಟ ಹಾಗಿರುತ್ತಿತ್ತು.

ನಮ್ಮಲ್ಲಿ ಬಿಲ್ಲು ಕಟ್ಟಿದವರು ಬೇರೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣಕ್ಕೆಂದು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಅವರು ಲೈಫ್ ಜಾಕೆಟ್ ಹಾಕಿರಲಿಲ್ಲ. ಆ ದೃಶ್ಯಗಳನ್ನು ಟೀವಿಯಲ್ಲಿ ಇಡೀ ರಾಜ್ಯ ನೋಡಿತು. ತನ್ನ ಮೈಯನ್ನೇ ಪಣಕ್ಕಿಟ್ಟು ಮಾಡುವ ಸಾಹಸವನ್ನು ಕೊಂಡಾಡುವವರೆಲ್ಲ ಅದನ್ನು ನೆನಪಿಟ್ಟುಕೊಂಡೇ ಕೊಂಡಾಡಬೇಕು. ಗ್ರಾಫಿಕ್ಸ್ ಬಂದು ಮಜಾ ಕೆಟ್ಟಿತು ಎಂದು ಗೊಣಗುವ ಅಭ್ಯಾಸ ನನಗೂ ಇದೆ. ಒಂದು ಜೀವ ಉಳಿಯುವುದಾದರೆ ಮಜಾ ಕೆಡಲಿ.

ಹಾಗೆಂದು ಬೀಳುವ ವಿದ್ಯೆ ಹೋಗಿಬಿಡಬೇಕಿಲ್ಲ. ಕಲಿಯಬೇಕು, ಕಲಿಸಬೇಕು. ಈಗೀಗ ಚಿಂತಾಮಣಿಯ ಸುತ್ತ ಸಂಜೆ ಹೊತ್ತು ಖಾಲಿ ಟೊಮೆಟೊ ಕ್ರೇಟುಗಳನ್ನು ಗೋಡೆಯ ಹಾಗೆ ಜೋಡಿಸಿಕೊಂಡು ಮೊಬೈಲಿನಲ್ಲಿ ಫೈಟ್ ರೀಲ್ಸ್ ಮಾಡುವ ಹುಡುಗರು ಕಾಣುತ್ತಾರೆ. ಒಬ್ಬ ಕಾಲು ಎತ್ತುತ್ತಾನೆ, ತಾಗುವುದಿಲ್ಲ, ಇನ್ನೊಬ್ಬ ಹಾರಿ ಕ್ರೇಟುಗಳ ಮೇಲೆ ಬೀಳುತ್ತಾನೆ, ಉಳಿದವರು ಬಾಯಲ್ಲೇ ಡಿಶುಂ ಹಾಕುತ್ತಾರೆ. ಕೆಳಗೆ ಗೋಣಿಚೀಲ ಹಾಸಿರುತ್ತಾರೆ, ಅಷ್ಟು ಬುದ್ಧಿ ಇದೆ. ಒಂದು ದಿನ ನಿಂತು ನೋಡಿದೆ. ಜಗಳ ಹತ್ತಿತ್ತು, ಹೀರೋ ಯಾರಾಗಬೇಕು ಎಂದಲ್ಲ. ಹೀರೋ ಆಗಲು ಸಿಕ್ಕವನು ಕೂದಲು ಸರಿಮಾಡಿಕೊಂಡು ನಿಂತಿದ್ದ, ಅವನ ಗೋಜಿಗೆ ಯಾರೂ ಹೋಗಲಿಲ್ಲ. ಕೊನೆಯ ಏಟಿಗೆ ಹಾರಿ ಬೀಳುವವನು ಯಾರು ಎಂಬುದಕ್ಕೆ ಇಬ್ಬರ ನಡುವೆ ಎಳೆದಾಟ. "ನಿನ್ನೆ ಇವ್ನು ಬಿದ್ದಾಗ ಲೈಕೇ ಬರ್ಲಿಲ್ಲ ಅಣ್ಣ, ನಿಧಾನಕ್ಕೆ ಕೂತ್ಕೊಂಡ್ಬಿಟ್ಟ" ಎಂದು ಒಬ್ಬ ನನ್ನನ್ನೇ ಪಂಚಾಯ್ತಿಗೆ ಎಳೆದ. ಇನ್ನೊಬ್ಬ ತೆಲುಗಿನಲ್ಲಿ ಏನೋ ಬೈದು, ಷರಟು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಕ್ರೇಟಿನ ಗೋಡೆಯ ಮುಂದೆ ಹೋಗಿ ನಿಂತ.